ಚಕ್ಕಡಿ ಬಡಿಗೇರರ ದೋಣಿ

ಹಲಗೆಯನ್ನು ಗಲ್ಲಕ್ಕೆ ಹಚ್ಚಿ ನೋಡುವವರನ್ನು ನಾನು ಕಂಡದ್ದು ಅವರೊಬ್ಬರನ್ನೇ. ರಂದಾ ಹೊಡೆದು ನಯ ಮಾಡಿ ಮುಗಿದ ಮೇಲೆ ಹಲಗೆಯ ಮುಂದೆ ಮೊಣಕಾಲೂರಿ, ಕಣ್ಣು ಮುಚ್ಚಿ, ಗಲ್ಲವನ್ನು ಈ ತುದಿಯಿಂದ ಆ ತುದಿಗೆ ಮೆಲ್ಲಗೆ ಸರಿಸುತ್ತಿದ್ದರು. ಎಲ್ಲೋ ಒಂದು ಕಡೆ ತಡೆಯುತ್ತಿದ್ದರು. ಅಲ್ಲಿ ಇದ್ದಿಲಿನಿಂದ ಒಂದು ಗೆರೆ ಬೀಳುತ್ತಿತ್ತು. ನಾನು ಹೋಗಿ ಮುಟ್ಟಿದರೆ ನನಗೇನೂ ತಿಳಿಯುತ್ತಿರಲಿಲ್ಲ. ಗಾಜಿನ ಹಾಗೆ ನುಣುಪಾಗಿರುತ್ತಿತ್ತು.

“ಕೈ ಚರ್ಮ ದಪ್ಪ ಆಗೇತಿ ತಂಗೆವ್ವಾ, ಅದಕ್ಕ ತಿಳಿಯೂದಿಲ್ಲ. ಕಣ್ಣ ಸುಳ್ಳ ಹೇಳತಾವ. ಗಲ್ಲ ಹೇಳೂದಿಲ್ಲ,” ಅನ್ನುತ್ತಿದ್ದರು.

ಒಳಗಿನಿಂದ ಅವರ ಹೆಂಡತಿಯ ದನಿ ಬರುತ್ತಿತ್ತು: “ಹೆತ್ತ ಮಕ್ಕಳ ಗಲ್ಲಕ್ಕ ಒಂದ ದಿನಾ ಗಲ್ಲ ಹಚ್ಚಲಿಲ್ಲ ಈ ಮನಷಾ. ಹಲಗಿಗೆ ಹಚ್ಚತಾನ ನೋಡ್ರಿ!”

ಮೊಮ್ಮಕ್ಕಳಿರಾ, ಹೋದ ರಜೆಯಲ್ಲಿ ನೀವು ಮೂವರೂ ಕೆರೆಯ ದೋಣಿ ಹತ್ತಿ ಇಳಿದು ಕುಣಿಯುವಾಗ, ಇದನ್ನು ಮಾಡಿದವರು ಯಾರು ಅಂತ ಕೇಳಿದಿರಿ. “ಬಡಿಗೇರ ಅಜ್ಜ” ಅಂದು ಸುಮ್ಮನಾದೆ. ನನಗೆ ಬಾಯಿಂದ ಹೇಳಲು ಬರುವುದಿಲ್ಲ, ನಿಮಗೆ ಗೊತ್ತಿದೆ. ಮೊನ್ನೆ ಚಿಕ್ಕೇರೂರಿನ ಅವರ ಮಗಳ ಮನೆಯಿಂದ ಅವರು ತೀರಿಕೊಂಡ ಸುದ್ದಿ ಬಂತು. ಅವತ್ತಿನಿಂದ ಅವರು ಬಾಚಿ ಹಿಡಿದು ಬಗ್ಗಿದ್ದೇ ಕಣ್ಣ ಮುಂದಿದೆ. ಅದಕ್ಕೆ ನಿಮ್ಮ ಹಳೆಯ ನೋಟಬುಕ್ಕಿನ ಉಳಿದ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ನಾನು ಊರ ಸಾಲಿಯಲ್ಲಿ ಏಳನೆಯ ಇಯತ್ತೆವರೆಗೆ ಕಲಿತವಳು. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿರಿ. ಅವರ ಹೆಸರು ಬರೆಯುವುದಿಲ್ಲ. ಬಡಿಗೇರಣ್ಣ ಅಂತ ಕರೆದವಳೇ ಹೊರತು ನಾನು ಒಂದು ಸಲವೂ ಅವರ ಹೆಸರು ಹಿಡಿದವಳಲ್ಲ. ಈಗ ಕಾಗದದ ಮೇಲೆ ಹಿಡಿಯಲು ಕೈ ಬರುತ್ತಿಲ್ಲ.

ಅವರು ಚಕ್ಕಡಿ ಮಾಡುವವರು. ನಮ್ಮ ಊರಷ್ಟೇ ಅಲ್ಲ, ಆಡೂರು, ಅಕ್ಕಿಆಲೂರು ಕಡೆಯ ಎಷ್ಟೋ ಮನೆಯ ಚಕ್ಕಡಿ, ಕೂರಿಗೆ, ನೇಗಿಲು, ತೊಟ್ಟಿಲು ಅವರ ಕೈಯವು. ಟ್ರ್ಯಾಕ್ಟರ್ ಬಂದ ಮೇಲೆ ಚಕ್ಕಡಿ ಕೇಳುವವರು ಇಲ್ಲದಾದರು. ಬಾಗಿಲು ಕಿಟಕಿ ಸಹ ಈಗ ಪೇಟೆಯಿಂದ ತಯಾರಾಗಿ ಬರುತ್ತವೆ. ಆದರೂ ಅವರು ದಿನಾ ಬೆಳಿಗ್ಗೆ ಉಳಿ ಬಾಚಿ ಮಸೆದು, ಎಣ್ಣೆ ಬಟ್ಟೆಯಿಂದ ಒರೆಸಿ, ಸಾಲಾಗಿ ಇಟ್ಟು, ಮುಂದೆ ಕೂತಿರುತ್ತಿದ್ದರು. ಯಾರಾದರೂ “ಏನ ಕೆಲಸಾ ನಡಸೀರಿ ಮಾವಾ?” ಅಂದರೆ “ಚೂಪ ಮಾಡಾಕತ್ತೇನಿ” ಅನ್ನುತ್ತಿದ್ದರು. “ಚೂಪ ಮಾಡಿ ಏನ ಮಾಡಾವ್ರು?” ಅಂದರೆ “ನಾಳಿಗೂ ಚೂಪ ಇರಬೇಕಲ್ಲೋ” ಅನ್ನುತ್ತಿದ್ದರು.

ಟೇಪು ಹಿಡಿದು ಅಳೆದದ್ದನ್ನು ನಾನು ನೋಡಿಲ್ಲ. ಒಂದು ನೂಲಿನ ಹುರಿಗೆ ಗಂಟು ಹಾಕಿಕೊಂಡು ಅಳೆಯುತ್ತಿದ್ದರು. ಕೆಲಸ ಮುಗಿಯಿತೇ ಅಂತ ಕೇಳಿದರೆ ಮುಗಿಯಿತು ಅನ್ನುತ್ತಿರಲಿಲ್ಲ, “ಇನ್ನೊಂದ ಕೈ ಐತಿ” ಅನ್ನುತ್ತಿದ್ದರು. ಆ ಇನ್ನೊಂದು ಕೈ ಕೆಲವು ಸಲ ಎಂಟು ದಿನ ಹಿಡಿಯುತ್ತಿತ್ತು. ಅವರ ಮನೆಯ ಕಪಾಟಿನ ಬಾಗಿಲು ಮಾತ್ರ ಹದಿನೈದು ವರ್ಷದಿಂದ ಒಂದೇ ತಿರುಗಣಿಯ ಮೇಲೆ ಜೋತಾಡುತ್ತಿತ್ತು.

ಈಗ ದೋಣಿಯ ಮಾತು.

ಹೊಳೆಯಿಂದ ದೊಡ್ಡ ಕೊಳವೆಯಲ್ಲಿ ನೀರು ತಂದು ನಮ್ಮ ಕೆರೆ ತುಂಬಿಸಲು ಸುರು ಮಾಡಿದರು. ಒಳ್ಳೆಯದೇ ಆಯಿತು. ಬಾವಿ ಬೋರು ಎಲ್ಲ ತುಂಬಿದವು. ಆದರೆ ಮೊದಲು ಬೇಸಿಗೆಯಿಂದ ಮಳೆಗಾಲದ ಅರ್ಧದವರೆಗೂ ಕೆರೆಯ ಅಂಗಳ ಒಣಗಿರುತ್ತಿತ್ತು. ಆ ಅಂಗಳದೊಳಗಿಂದಲೇ ನಮ್ಮ ಚಕ್ಕಡಿ ದಾರಿ ಆಚೆಯ ಗದ್ದೆಗೆ ಹೋಗುತ್ತಿತ್ತು. ಈಗ ವರ್ಷ ಪೂರ್ತಿ ನೀರು. ದಾರಿ ನೀರಿನ ಅಡಿ ಹೋಯಿತು. ಸುತ್ತು ಹಾಕಿ ಹೋಗಬೇಕೆಂದರೆ ಹಳ್ಳ, ಜಾಲಿ ಕಂಟಿ, ಮೊಣಕಾಲುದ್ದ ಕೆಸರು. ತಲೆಯ ಮೇಲೆ ಭತ್ತದ ಸಸಿಯ ಹೊರೆ ಹೊತ್ತು ಆ ದಾರಿಯಲ್ಲಿ ಎರಡು ತಾಸು ನಡೆಯಲು ಯಾವ ಹೆಣ್ಣುಮಗಳು ಒಪ್ಪುತ್ತಾಳೆ?

ನಿಮ್ಮ ಅಜ್ಜ ತೀರಿಹೋದದ್ದು ಅದೇ ಹೊತ್ತಿಗೆ. ಎರಡು ವರ್ಷ ಗದ್ದೆ ಬೀಳು ಬಿತ್ತು. ನಿಮ್ಮ ಸಣ್ಣಜ್ಜ, ಅಂದರೆ ನನ್ನ ಮೈದುನ, ಅರ್ಧ ಗದ್ದೆಯ ಪಾಲುದಾರ. ಯುಗಾದಿಯ ಮರುದಿನ ಬಂದು ಕಟ್ಟೆಯ ಮೇಲೆ ಕೂತು ಹೇಳಿದ:

“ವೈನಿ, ಈ ವರ್ಷನೂ ನಾಟಿ ಆಗಲಿಲ್ಲಂದ್ರ ಆ ಗದ್ದಿ ಆಚೆ ಊರಾವ್ರಿಗೆ ಕೊಟ್ಟಬಿಡೂದು. ನಾ ಮಾತಾಡೇನಿ. ನೀವ ಸುಮ್ನ ಹೆಬ್ಬಟ್ಟ ಒತ್ತಿದರ ಆತು.”

ನನಗೆ ಸಹಿ ಮಾಡಲು ಬರುತ್ತದೆ ಅಂತಲೂ ನಾನು ಹೇಳಲಿಲ್ಲ. ಗೋಣು ಹಾಕಿದೆ. ಆ ಗದ್ದೆ ನಿಮ್ಮ ಅಜ್ಜ ಕಂಟಿ ಕಡಿದು, ಒಡ್ಡು ಹಾಕಿ, ನನ್ನನ್ನು ಮದುವೆಯಾದ ವರ್ಷ ಮೊದಲ ಸಲ ಭತ್ತ ಬೆಳೆದದ್ದು.

ಅದರ ಮುಂದಿನ ವಾರ ಬಡಿಗೇರಣ್ಣ ನಮ್ಮ ದನದ ಕೊಟ್ಟಿಗೆಯ ಬಾಗಿಲು ಸರಿ ಮಾಡಲು ಬಂದರು. ಮೂಲೆಯಲ್ಲಿ ಗೋಣಿಚೀಲ ಹೊದಿಸಿ ಇಟ್ಟಿದ್ದ ನಿಮ್ಮ ಅಜ್ಜನ ಸೀಮೆಎಣ್ಣೆ ಎಂಜಿನ್ ಕಂಡರು. ಗದ್ದೆಗೆ ನೀರೆತ್ತಲು ಇಟ್ಟುಕೊಂಡಿದ್ದ ಸಣ್ಣ ಪಂಪು ಅದು.

“ಇದು ಹೊಡೀತೈತೇನ್ ತಂಗೆವ್ವಾ?”

“ಹೊಡೀತಿತ್ತ್ರಿ. ಅವರು ಹೋದ ಮ್ಯಾಲೆ ಯಾರೂ ಮುಟ್ಟಿಲ್ಲ.”

ಚೀಲ ಸರಿಸಿ ಸುತ್ತ ನೋಡಿದರು. ಆಮೇಲೆ ನನ್ನನ್ನು ನೋಡದೆ, ಎಂಜಿನ್ನಿಗೇ ಹೇಳುವ ಹಾಗೆ ಅಂದರು: “ಮೊನ್ನೆ ಕೆರಿ ಏರಿ ಮ್ಯಾಲೆ ನಿಂತಿದ್ದೆ. ಬೀಳ ಬಿದ್ದ ನಿಮ್ಮ ಗದ್ದಿ ಕಂಡ್ತು. ಬಾಗಿಲಿಲ್ಲದ ಮನಿ ಕಂಡಂಗ ಆತು ನನಗ. ನಾ ಒಂದ ದೋಣಿ ಮಾಡ್ತೇನಿ. ಇದನ್ನ ಅದಕ್ಕ ಕೂಡಿಸೂಣು. ಆರಿದ್ರಾ ಮಳಿಗೆ ಸಸಿ ದಾಟಬೇಕು.”

“ದೋಣಿ ಮಾಡಾಕ ಬರ್ತೈತೇನ್ರಿ ನಿಮಗ?”

“ಇಲ್ಲ,” ಅಂದರು. ಅಷ್ಟು ಸರಳವಾಗಿ ಇಲ್ಲ ಅಂದ ಗಂಡಸರನ್ನು ನಾನು ಕಂಡಿರಲಿಲ್ಲ.

ಕಲಿಯಲು ಅವರು ಮಾಡಿದ್ದು ಇಷ್ಟು. ಅಳಿಯ ಫೋನಿನಲ್ಲಿ ಯಾವುದೋ ದೇಶದ ಎಂಜಿನ್ ದೋಣಿ ಓಡುವುದನ್ನು ತೋರಿಸಿದ. ಅರ್ಧ ನೋಡಿ “ಬಂದ್ ಮಾಡಪಾ, ಇದು ನೀರ ಬಿಟ್ಟ ಮ್ಯಾಲೆ ಹಾರತೈತಿ. ನಮ್ಮ ಸಸಿ ಹಾರಬಾರದು” ಅಂದರಂತೆ. ಆಮೇಲೆ ಬಸ್ಸು ಹತ್ತಿ ಹೊಳೆ ದಂಡೆಯ ಒಂದು ಊರಿಗೆ ಹೋಗಿ, ಅಲ್ಲಿ ಮಗುಚಿ ಹಾಕಿದ್ದ ಹಳೆಯ ಹಲಗೆ ದೋಣಿಯ ಕೆಳಗೆ ತೂರಿ ಅಂಗಾತ ಮಲಗಿ ಮಧ್ಯಾಹ್ನವೆಲ್ಲ ನೋಡಿದರು. ದೋಣಿಯವನು ಕಳ್ಳನೆಂದು ಕಾಲು ಹಿಡಿದು ಎಳೆದನಂತೆ. ಬರುವಾಗ ತಲೆಯ ಪಟಗದ ತುಂಬ ಗಂಟುಗಳಿದ್ದವು. ಒಂದೊಂದು ಗಂಟು ಒಂದೊಂದು ಅಳತೆ. ದೋಣಿಯ ಬೆನ್ನೆಲುಬು, ಅಂದರೆ ತಳದ ಉದ್ದ ತೊಲೆ, ಕಡಿಯುವವರೆಗೂ ಹೆಂಡತಿಗೆ ಆ ಪಟಗ ತೊಳೆಯಲು ಕೊಡಲಿಲ್ಲ.

ಶಿಗ್ಗಾಂವಿಯಲ್ಲಿ ಒಂದು ಹಳೆಯ ಮನೆ ಕೆಡವುತ್ತಿದ್ದರು. ಅಲ್ಲಿಂದ ತೊಲೆಗಳು ಬಂದವು. ಪ್ರತಿ ತೊಲೆಗೂ ಬೆರಳ ಗಂಟಿನಿಂದ ಬಡಿದು ಕಿವಿ ಹಚ್ಚಿ ಆರಿಸಿದ್ದರು. ಕೊಯ್ದು ಹಲಗೆ ಮಾಡಿಸಿದ ಮೇಲೆ ಸಮಸ್ಯೆ ಬಂದದ್ದು ಬರಿಗಳದ್ದು. ಬರಿ ಅಂದರೆ ದೋಣಿಯ ಪಕ್ಕೆಲುಬು. ಹಲಗೆಗಳನ್ನು ಹೊತ್ತು ನಿಲ್ಲುವುದು ಅವೇ. ನೆಟ್ಟಗಿನ ಮರವನ್ನು ಡೊಂಕಾಗಿ ಕಡಿದರೆ ಎಳೆ ಕತ್ತರಿಸಿ ಮುರಿಯುತ್ತದೆ. ಡೊಂಕಾಗಿಯೇ ಬೆಳೆದದ್ದು ಬೇಕು. ನೊಗಕ್ಕೆ, ನೇಗಿಲಿಗೆ ಅವರು ಹಾಗೆಯೇ ಹುಡುಕುತ್ತಿದ್ದರು. ತಿಂಗಳು ಪೂರ್ತಿ ಕತ್ತು ಮೇಲೆ ಮಾಡಿಕೊಂಡು ಊರ ಬೇಲಿ ಬೇಲಿಯ ಜಾಲಿ ಮರ ನೋಡುತ್ತ ತಿರುಗಿದರು. ಎರಡು ಸಲ ಗಟಾರಕ್ಕೆ ಬಿದ್ದರು. ಯಾರದೋ ಬೇಲಿಯಲ್ಲಿ ಸರಿಯಾದ ಡೊಂಕು ಟೊಂಗೆ ಸಿಕ್ಕ ದಿನ ಹಬ್ಬ. “ಇಷ್ಟ ವರ್ಷ ಈ ಮರ ನನಗಂತನ ಬಾಗಿ ನಿಂತಿತ್ತು ನೋಡು!” ಅಂತ ಊರ ತುಂಬ ಹೇಳಿಕೊಂಡು ಬಂದರು.

ಅವರ ಮನೆಯ ಹಿತ್ತಲಲ್ಲಿ ದೋಣಿ ಏಳತೊಡಗಿತು. ಬೆನ್ನೆಲುಬಿನ ಮೇಲೆ ಬರಿಗಳು ನಿಂತ ದಿನ ಅದು ಬಕಾಸುರನ ಊಟ ಮುಗಿದ ಮೇಲಿನ ಎತ್ತಿನ ಹಾಗೆ ಕಾಣುತ್ತಿತ್ತು. ನಮ್ಮ ಮನೆಯ ಹಿತ್ತಲಿಗೂ ಅವರ ಹಿತ್ತಲಿಗೂ ನಡುವೆ ಒಂದು ಮೋಟುಗೋಡೆ. ನಾನು ಬಟ್ಟೆ ಒಣ ಹಾಕಲು ಹೋದವಳು ನಿಂತೇ ಬಿಡುತ್ತಿದ್ದೆ. ಬಿದಿರಿನ ತೆಳ್ಳನೆಯ ದಬ್ಬೆಯೊಂದನ್ನು ಬರಿಗಳ ಮೇಲೆ ಮೂಗಿನಿಂದ ಬಾಲದವರೆಗೆ ಬಾಗಿಸಿ ಹಿಡಿದು, ದೂರ ನಿಂತು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ದಬ್ಬೆ ಎಲ್ಲಿ ಉಬ್ಬಿತೋ ಅಲ್ಲಿ ಬಾಚಿ. ಬಾಚಿ ಬಿದ್ದರೆ ಉಗುರಿನಷ್ಟು ತೆಳುವಾದ ಚಕ್ಕೆ ಏಳುತ್ತಿತ್ತು. ಮತ್ತೆ ದಬ್ಬೆ. ಹೀಗೆ ಎಂಟು ದಿನ.

ಒಂದು ದಿನ ಮೈದುನ ಬಂದು ನೋಡಿದ. “ಏನ ಮಾವಾ, ಕೆರಿಯಾಗ ಎಮ್ಮಿ ನೋಡಾಕ ಬರ್ತಾವೇನ, ಇಷ್ಟ ನಾಜೂಕ? ನೀರಾಗ ಮುಳಗೂ ಭಾಗ ಯಾಂವ ನೋಡ್ತಾನ?”

“ನೀರ ನೋಡತೈತಿ,” ಅಂದರು, ತಲೆ ಎತ್ತದೆ. “ಉಬ್ಬ ಇದ್ದಲ್ಲಿ ನೀರ ಹಿಡದ ಜಗ್ಗತೈತಿ. ಸಣ್ಣ ಎಂಜಿನ್ನು. ಅದಕ್ಕ ಭಾರ ಆಗಬಾರದು.”

ಹಲಗೆ ಬಾಗಿಸುವ ದಿನ ನಮ್ಮ ಓಣಿಯ ಹೆಣ್ಣುಮಕ್ಕಳೆಲ್ಲ ಬಚ್ಚಲ ಹಂಡೆಗೆ ಉರಿ ಹಾಕಿ ನೀರು ಕಾಯಿಸಿಕೊಟ್ಟೆವು. ಗೋಣಿಚೀಲ ಸುತ್ತಿದ ಹಲಗೆಯ ಮೇಲೆ ಕುದಿಯುವ ನೀರು ಸುರಿದು ಸುರಿದು, ಹದ ಬಂತು ಅಂದ ಕೂಡಲೇ ಬಿಚ್ಚಿ, ನಾಲ್ಕು ಜನ ಹಿಡಿದು ಒತ್ತಿ, ಮೊಳೆ. ಮುಂದಿನ ಮೂಗಿನ ಹತ್ತಿರ ಒಂದು ಹಲಗೆ ಪಟ್ಟನೆ ಸೀಳಿತು. ಎಲ್ಲರೂ ಅವರ ಮುಖ ನೋಡಿದೆವು. ಅವರು ಆ ಸೀಳಿದ ಹಲಗೆಯನ್ನು ಎತ್ತಿ ಹೆಂಡತಿಯ ಕೈಗೆ ಕೊಟ್ಟು “ಹಿಡಿ, ನಿನ್ನ ಕಪಾಟಿಗೆ ಬಾಗಲಾ ಬಂತು” ಅಂದರು. ಆ ಅಕ್ಕ ಕೂಡ ನಕ್ಕಳು. ಕಪಾಟಿನ ಬಾಗಿಲು ಮಾತ್ರ ಆಗಲಿಲ್ಲ.

ಒಂದು ಮಧ್ಯಾಹ್ನ ಅವರು ಗೋಡೆಯ ಹತ್ತಿರ ಬಂದು ನಿಂತರು. ನಾನು ದೇವರಿಗೆ ಬತ್ತಿ ಹೊಸೆಯುತ್ತಿದ್ದೆ.

“ತಂಗೆವ್ವಾ, ನೀವು ಹೊಸದ ಬತ್ತಿ ನೋಡೇನಿ. ಎಲ್ಲಾ ಕಡೆ ಒಂದ ದಪ್ಪ. ನನಗ ಇಂಥಾದ್ದ ಬೇಕು. ಆದರ ಮಾರುದ್ದದ್ದು.”

ಹಲಗೆ ಹಲಗೆ ಕೂಡುವ ಸಂದಿಗೆ ತುಂಬಲು ಅಂತೆ. ನಾನು ಹದಿನೈದು ದಿನ ಹತ್ತಿ ಹೊಸೆದೆ. ತೊಡೆಯ ಚರ್ಮ ಕೆಂಪಗಾಯಿತು. ಅವರು ಅದನ್ನು ಅಗಸಿ ಎಣ್ಣೆಯಲ್ಲಿ ಅದ್ದಿ, ಮೊಂಡ ಉಳಿಯಿಂದ ಸಂದಿಗೆ ತುರುಕಿ ತುರುಕಿ, ಮೇಲೆ ಕಾಯಿಸಿದ ರಾಳ ಹುಯ್ದರು. ಒಂದೊಂದು ಸಂದಿ ಮುಗಿದಾಗಲೂ ಗೋಡೆಯ ಆಚೆಯಿಂದ “ಸಾಲಲಿಲ್ಲ ತಂಗೆವ್ವಾ, ಇನ್ನೊಂದ ಮಾರು” ಅನ್ನುವ ಕೂಗು.

ತಳಕ್ಕೆ ಡಾಂಬರು ಬಳಿದರು. ಮೇಲಿನ ಭಾಗಕ್ಕೆ ಬಣ್ಣ ಹಚ್ಚಿರಿ, ಹಸಿರು ಚಂದ ಕಾಣುತ್ತದೆ ಅಂತ ಎಲ್ಲರೂ ಹೇಳಿದರು. ಕೇಳಲಿಲ್ಲ. “ಬಣ್ಣ ಹಚ್ಚಿದರ ನಾ ಮಾಡಿದ್ದ ತಪ್ಪ ಕಾಣೂದಿಲ್ಲ. ಕಾಣಲಿ,” ಅಂದರು. ಉಜ್ಜುಕಾಗದದಿಂದ ಮೂರು ಸಲ ಉಜ್ಜಿ, ಎಣ್ಣೆ ಕುಡಿಸಿ, ಒಣಗಿಸಿ, ಮತ್ತೆ ಉಜ್ಜಿ, ಮತ್ತೆ ಎಣ್ಣೆ. ಮರದ ಬಣ್ಣ ಬೆಲ್ಲದ ಪಾಕದ ಹಾಗೆ ಬಂತು. ಸಂಜೆ ಬಿಸಿಲು ಬಿದ್ದರೆ ಎಳೆ ಎಳೆ ಕಾಣುತ್ತಿತ್ತು. ನಾನು ಗೋಡೆಯ ಮೇಲಿಂದ ಕೈ ಚಾಚಿ ಮುಟ್ಟಿದೆ. ಯಾರೂ ನೋಡಲಿಲ್ಲ ಅಂದುಕೊಂಡಿದ್ದೆ. “ಮುಟ್ರಿ ಮುಟ್ರಿ, ಕಡಿಯೂದಿಲ್ಲ” ಅಂದರು ದೋಣಿಯ ಒಳಗಿನಿಂದ.

ಎಂಜಿನ್ ತಿರುಗಿಸಬೇಕಾದ ನೀರ ಪಂಕವನ್ನು ಅವರು ಮೊದಲು ಕಟ್ಟಿಗೆಯಲ್ಲಿ ಕೆತ್ತಿದರು. ಮೂರು ಎಸಳು, ಪ್ರತಿ ಎಸಳೂ ತುಸು ತಿರುವಿಕೊಂಡದ್ದು. ಯಾವುದನ್ನು ನೋಡಿ ಕೆತ್ತಬೇಕು? ಕಣದಲ್ಲಿ ರಾಶಿ ತೂರಲು ಕೈಯಿಂದ ತಿರುಗಿಸುವ ಪಂಕ ನೋಡಿ ಕೆತ್ತಿದರು. ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಸವಣೂರಿಗೆ ಹೋದರು. ಅಲ್ಲಿ ಲೇತ್ ಇಟ್ಟುಕೊಂಡ ಒಬ್ಬ ಮುದುಕ ಮಿಸ್ತ್ರಿ ಅವರ ಗೆಳೆಯ. ಅದೇ ಅಚ್ಚಿನ ಹಿತ್ತಾಳೆಯ ಪಂಕ ಎರೆದುಕೊಟ್ಟ, ಅದನ್ನು ತಿರುಗಿಸುವ ಉದ್ದನೆಯ ಕಬ್ಬಿಣದ ಸಲಾಕೆ ನುಣ್ಣಗೆ ಮಾಡಿಕೊಟ್ಟ. “ಮಿಸ್ತ್ರಿ ಏನಂದ್ರು?” ಅಂತ ಕೇಳಿದೆ. “‘ಬಡಿಗ್ಯಾ, ನಿನಗ ಈಜಾಕ ಬರ್ತೈತೇನೋ?’ ಅಂದಾ. ಇಲ್ಲೋ ಅಂದೆ. ‘ಹಂಗಾರ ಗಟ್ಟಿ ಮಾಡಿರ್ತೀ’ ಅಂದಾ” ಅಂತ ಹೇಳಿ ಹೆಂಡತಿಗೆ ಸವಣೂರ ವೀಳ್ಯದೆಲೆಯ ಕಟ್ಟು ಕೊಟ್ಟರು.

ನಾಟಿಗೆ ಹದಿನೈದು ದಿನ ಇತ್ತು. ಆಚೆ ಗದ್ದೆಯ ನಮ್ಮ ಪಾಲನ್ನು ಆಚೆ ಊರಿನವರ ಎತ್ತಿನಿಂದ ಹೂಡಿಸಿದ್ದಾಗಿತ್ತು. ಈಚೆ ನನ್ನ ಸಸಿಮಡಿ ಗೇಣುದ್ದ ಎದ್ದಿತ್ತು. ದೋಣಿಯನ್ನು ಮೊದಲ ಸಲ ನೀರಿಗೆ ಇಳಿಸಿದರು, ಎಂಜಿನ್ ಇಲ್ಲದೆ. ಇಳಿಸಿದ್ದೇ ತಡ, ಇಪ್ಪತ್ತು ಕಡೆಯಿಂದ ನೀರು ಒಳಗೆ ಒಸರತೊಡಗಿತು. ನಾನು ಹೊಸೆದದ್ದೇ ಸರಿಯಾಗಿಲ್ಲ ಅಂದುಕೊಂಡೆ. ಅವರು ಏರಿಯ ಕಲ್ಲುಗಳನ್ನು ಹೊತ್ತು ತಂದು ಒಂದೊಂದಾಗಿ ದೋಣಿಯೊಳಗೆ ಇಟ್ಟರು. ದೋಣಿ ದಂಡೆಯಲ್ಲೇ ಪೂರ್ತಿ ಮುಳುಗಿತು.

“ತೇಲಸಾಕ ಮಾಡಿದ್ದಲ್ಲೇನ್ರಿ ಮಾವಾ?” ಮೈದುನ ಏರಿಯ ಮೇಲಿಂದ ಕೂಗಿದ. “ಮುಳಗಸಾಕ ಕಲ್ಲ ಯಾಕ? ತಾನ ಮುಳಗತಿತ್ತು!”

“ಬ್ಯಾಸಗ್ಯಾಗ ಚಕ್ಕಡಿ ಗಾಲಿ ಸಡಲಾದರ ನಿಮ್ಮಪ್ಪ ಏನ ಮಾಡತಿದ್ದಾ?”

“ಕೆರ್ಯಾಗ ಒಗೀತಿದ್ದಾ.”

“ಯಾಕ?”

“ನೀರ ಕುಡದ ಕಟಗಿ ಉಬ್ಬಿ ಬಿಗಿ ಆಗತೈತಿ...” ಅಂದವನು ಅಲ್ಲಿಗೇ ನಿಂತ.

“ಇದಕ್ಕೂ ನೀರಡಿಕಿ ಆಗೇತಿ. ಕುಡೀಲಿ,” ಅಂದು ಅವರು ಮೈ ಒರೆಸಿಕೊಂಡು ಮನೆಗೆ ಹೋದರು. ಐದನೆಯ ದಿನ ಕಲ್ಲು ತೆಗೆದು ನೀರು ಗೋರಿ ಹಾಕಿದಾಗ ದೋಣಿ ಮೇಲೆದ್ದಿತು. ಒಳಗೆ ಒಣ ಬಟ್ಟೆ ಹಾಸಿ ಕಾದರು. ಸಂಜೆಯವರೆಗೂ ಬಟ್ಟೆ ನೆನೆಯಲಿಲ್ಲ.

ಆಮೇಲೆ ಎಂಜಿನ್ ಕೂಡಿಸಿದರು. ನಡುವೆ ಎಂಜಿನ್, ಹಿಂದೆ ಪಂಕದ ಸಲಾಕೆ, ಎರಡಕ್ಕೂ ಒಂದೊಂದು ಚಕ್ರ, ಆ ಎರಡು ಚಕ್ರ ಕೂಡಿಸಲು ಅಗಲವಾದ ಚಪ್ಪಟೆ ಪಟ್ಟಾ. ಇಷ್ಟಾಗುವಾಗ ಮಳೆ ಹಿಡಿಯಿತು, ದಿನಗಳು ಜಾರಿದವು. ಸಸಿಗೆ ಗಣಿಕೆ, ಅಂದರೆ ಗೆಣ್ಣು, ಕಟ್ಟಲು ಬಂದಿತ್ತು. ಇನ್ನು ನಾಲ್ಕು ದಿನ ಬಿಟ್ಟರೆ ಅದು ನಾಟಿಗೆ ಬರುವುದಿಲ್ಲ, ದನಕ್ಕೆ ಹಾಕಬೇಕು.

ಆ ದಿನ ಬೆಳಿಗ್ಗೆ ಮಳೆ ಬಿಟ್ಟಿತ್ತು. ನಾನು ಎಂಟು ಜನ ಹೆಣ್ಣುಮಕ್ಕಳಿಗೆ ನಾಟಿಗೆ ಹೇಳಿದ್ದೆ. ಸಸಿ ಕಿತ್ತು, ಸೂಡು ಕಟ್ಟಿ, ಕೆರೆಯ ದಂಡೆಗೆ ಒಟ್ಟಿದ್ದೆವು. ಕಿತ್ತ ಸಸಿ ತಿರುಗಿ ಮಡಿಗೆ ಹೋಗುವುದಿಲ್ಲ. ಊರೆಲ್ಲ ಏರಿಯ ಮೇಲಿತ್ತು. ಹೊಸ ಚಕ್ಕಡಿಗೆ ಮಾಡುವ ಹಾಗೆ ದೋಣಿಗೆ ಅರಿಶಿನ ಕುಂಕುಮ, ಕಾಯಿ ಆಯಿತು. ಬಡಿಗೇರಣ್ಣ ಬಾಲದಲ್ಲಿ ಚುಕ್ಕಾಣಿ ಹಿಡಿದು ಕೂತರು. ಯಾರೋ ದಾರ ಎಳೆದು ಎಂಜಿನ್ ಸುರು ಮಾಡಿದರು. ಪಟಪಟಪಟ ಅಂತ ನಿಮ್ಮ ಅಜ್ಜನ ಎಂಜಿನ್ ಹೊಡೆಯಿತು. ಪಂಕ ತಿರುಗಿತು. ನೀರು ಕಲಕಿ ನೊರೆ ಎದ್ದಿತು.

ದೋಣಿ ಹಿಂದಕ್ಕೆ ಹೊರಟಿತು.

ಆಚೆ ದಂಡೆಯ ಕಡೆಗೆ ಮೂಗು ಮಾಡಿದ ದೋಣಿ ಬಾಲ ಮುಂದಾಗಿ ಬಂದು, ಬಟ್ಟೆ ಒಗೆಯುವ ಕಲ್ಲಿನ ಮಗ್ಗುಲ ಕೆಸರಿಗೆ ಕೂತಿತು. ಒಂದು ಎಮ್ಮೆ ಎದ್ದು ಓಡಿತು. ಏರಿಯ ಮೇಲೆ ನಗೆಯ ಅಲೆ.

“ಮಾವಾ, ಎತ್ತ ತಿರುವಿ ಕಟ್ಟೀರಿ!”

“ಅದಕ್ಕ ಮನಿ ನೆನಪಾಗೇತಿ!”

“ನೀವ ಮುಖಾ ತಿರುವಿ ಕುಂದರ್ರಿ, ಅದು ಮುಂದ ಹೋದಂಗ ಆಕೈತಿ!”

ಎಲ್ಲರಿಗಿಂತ ಜೋರಾಗಿ ನಕ್ಕವರು ಬಡಿಗೇರಣ್ಣ. ಕೆಸರಲ್ಲಿ ಇಳಿದು, ಪಂಕ ಮುಟ್ಟಿ ನೋಡಿ, “ತೂರೂ ಪಂಕ ನೋಡಿ ಕೆತ್ತಿದೆ. ಅದು ಕೈಲೆ ಬಲಕ್ಕ ತಿರಗತೈತಿ, ಈ ಎಂಜಿನ್ ಎಡಕ್ಕ. ಹುಚ್ಚ ನನ್ನ ಮಗಾ ನಾನು” ಅಂದರು. ಪಂಕ ಬಿಚ್ಚಿ ಹಿಂದು ಮುಂದು ಮಾಡಿ ಹಾಕಿದರೂ ಎಸಳಿನ ತಿರುವು ಅದೇ. ಹೊಸದು ಕೆತ್ತಿ, ಸವಣೂರಿಗೆ ಹೋಗಿ, ಎರೆಸಿ ತರಲು ಹತ್ತು ದಿನ. ದಂಡೆಯ ಮೇಲಿನ ಸಸಿಯ ಸೂಡುಗಳನ್ನು ನೋಡಿದರು. ಆಗ ಅವರ ನಗೆ ನಿಂತಿತು. ಅವರು ಆ ದಿನ ನಗೆ ನಿಲ್ಲಿಸಿದ್ದು ಅದೊಂದೇ ಸಲ.

ಮೈದುನ ನನ್ನ ಹತ್ತಿರ ಬಂದು ಮೆಲ್ಲಗೆ ಅಂದ: “ಆತಲ್ರಿ ವೈನಿ. ನಾಳ ಕಾಗದಾ ತರ್ತೇನಿ.”

ಮಕ್ಕಳಿರಾ, ನನಗೆ ಗೊತ್ತಿತ್ತು. ಏನು ಮಾಡಬೇಕು ಅಂತ ನನಗೆ ಆಗಲೇ ಗೊತ್ತಿತ್ತು. ನನ್ನ ತವರು ಅಕ್ಕಿಆಲೂರು. ನನ್ನ ಅಪ್ಪ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದ. ಬುತ್ತಿ ಒಯ್ದು ಅವನ ಊಟ ಮುಗಿಯುವವರೆಗೆ ನಾನು ಪಟ್ಟಾಗಳನ್ನು ನೋಡುತ್ತ ನಿಲ್ಲುತ್ತಿದ್ದೆ. ಕೆಲವು ಪಟ್ಟಾ ನೆಟ್ಟಗೆ ಓಡುತ್ತಿದ್ದವು. ಒಂದು ಮಾತ್ರ ನಡುವೆ ತಿರುವಿ ಅಡ್ಡ ಹಾಕಿದ್ದು. ಅದು ಹಿಡಿದ ಚಕ್ರ ಉಲ್ಟಾ ತಿರುಗುತ್ತಿತ್ತು. ಅಪ್ಪನೇ ತೋರಿಸಿದ್ದ. ಇಷ್ಟು ಹೇಳಿದರೆ ಆಯಿತು. ಆದರೆ ಅಷ್ಟು ಗಂಡಸರು. ನಾನು ಈ ಊರಿಗೆ ಸೊಸೆಯಾಗಿ ಬಂದ ಮೇಲೆ ಏರಿಯ ಮೇಲೆ ಬಾಯಿ ಬಿಟ್ಟವಳಲ್ಲ.

“ಪಟ್ಟಾ ಅಡ್ಡ ಹಾಕ್ರಿ,” ಅಂದೆ.

ನನಗೇ ಕೇಳಿಸಲಿಲ್ಲ. ಪಕ್ಕದಲ್ಲಿದ್ದ ಬಡಿಗೇರಣ್ಣನ ಹೆಂಡತಿ ತಿರುಗಿ ನೋಡಿದಳು. “ಏನಂದಿ? ಜೋರಾಗಿ ಅನ್ನ.” ಆಕೆ ನನ್ನ ಬೆನ್ನಿಗೆ ಕೈ ಹಚ್ಚಿ ದಬ್ಬಿಯೇ ಬಿಟ್ಟಳು. ಎರಡು ಹೆಜ್ಜೆ ಮುಂದೆ ಹೋಗಿ ನೀರಲ್ಲಿ ನಿಂತೆ.

“ಸುಮ್ಮನಾಗ್ರೋ!” ಬಡಿಗೇರಣ್ಣ ಏರಿಯ ಕಡೆಗೆ ಕೂಗಿದರು. “ತಂಗೆವ್ವ ಏನೋ ಹೇಳಾಕತ್ತಾಳ.”

ಸಸಿಯ ಸೂಡಿನಿಂದ ಒಂದು ನಾರು ಬಿಚ್ಚಿ, ತುದಿ ಗಂಟು ಹಾಕಿ, ನನ್ನ ಎರಡೂ ಹೆಬ್ಬೆರಳಿಗೆ ಸಿಕ್ಕಿಸಿದೆ. ನೆಟ್ಟಗೆ ಹಿಡಿದು ತೋರಿಸಿದೆ. ಆಮೇಲೆ ನಡುವೆ ಒಂದು ತಿರುವು ಹಾಕಿದೆ. “ಅಕ್ಕಿ ಗಿರಣ್ಯಾಗ ಹಿಂಗ ಹಾಕತಾರ್ರಿ ಅಣ್ಣಾರ. ಆ ಚಕ್ರ ಉಲ್ಟಾ ತಿರಗತೈತಿ.”

ಅವರು ನನ್ನ ಹೆಬ್ಬೆರಳುಗಳನ್ನು ಎಷ್ಟು ಹೊತ್ತು ನೋಡಿದರೋ! ನಾರನ್ನು ಬೆರಳಿನಿಂದ ಒಂದು ಸಲ ಎಳೆದು ನೋಡಿದರು. ಆಮೇಲೆ ಏರಿಯ ಮೇಲಿನವರನ್ನೆಲ್ಲ ಒಂದು ಸುತ್ತು ನೋಡಿ ಅಂದರು: “ಬಾಚಿ ಹಿಡದ ಐವತ್ತ ವರ್ಷ ಆತು. ಇದು ತಿಳಿಲಿಲ್ಲ ನೋಡ್ರಿ ನನಗ. ನಿಮಗ ಯಾರಿಗರ ತಿಳೀತೇನ್ರೋ?”



ಪಟ್ಟಾ ಬಿಚ್ಚಿ ಅಡ್ಡ ಹಾಕಿದರು. ತಿರುವಿದ್ದಕ್ಕೆ ಉದ್ದ ಸಾಲಲಿಲ್ಲ. ಎಂಜಿನ್ನಿನ ಬೋಲ್ಟು ಸಡಿಲಿಸಿ ಎರಡು ಬೆರಳು ಹಿಂದೆ ಸರಿಸಿ ಬಿಗಿದರು. ದೋಣಿಯನ್ನು ಕೆಸರಿನಿಂದ ದಬ್ಬಿ, ಮೂಗನ್ನು ಆಚೆ ದಂಡೆಗೆ ತಿರುಗಿಸಿದರು. ಯಾರೋ ದಾರ ಎಳೆಯಲು ಕೈ ಹಾಕಿದರು.

“ನೀ ಬ್ಯಾಡ,” ಅಂದರು ಅವರು. “ಎಂಜಿನ್ ಯಾರದು, ಅವರ ಎಳೀಲಿ.”

ಗದ್ದೆಯಲ್ಲಿ ನಿಮ್ಮ ಅಜ್ಜ ಪೈಪು ಹಿಡಿದು ನಿಂತಾಗ ಆ ದಾರ ಎಳೆಯುತ್ತಿದ್ದವಳು ನಾನೇ. ಸೆರಗು ಸಿಕ್ಕಿಸಿಕೊಂಡು ದೋಣಿ ಹತ್ತಿದೆ. ಸುತ್ತಿದೆ. ಒಂದೇ ಎಳೆತ. ಪಟಪಟ ಅಂತು. ಒಂದು ಗಳಿಗೆ ದೋಣಿ ನಿಂತಲ್ಲೇ ನಡುಗಿತು. ಆಮೇಲೆ ಮೂಗಿನ ಎರಡೂ ಬದಿಗೆ ನೀರು ಸೀಳಿ ಮಡಿಕೆ ಮಡಿಕೆಯಾಗಿ ಹಿಂದೆ ಹೋಯಿತು. ಎಲ್ಲಿಯೂ ಕಲಕಲಿಲ್ಲ, ಎಲ್ಲಿಯೂ ತಡೆಯಲಿಲ್ಲ. ಏರಿಯ ಮೇಲೆ ಊರು ಏನೇನು ಕೂಗಿತೋ, ಎಂಜಿನ್ನಿನ ಸದ್ದಿನಲ್ಲಿ ನನಗೆ ಕೇಳಲಿಲ್ಲ. ಹಿಂದೆ ತಿರುಗಿ ನೋಡಿದೆ. ಈಜು ಬಾರದ ಬಡಿಗೇರಣ್ಣ ಒಂದು ಕೈಯಲ್ಲಿ ಚುಕ್ಕಾಣಿ, ಇನ್ನೊಂದು ಕೈಯಲ್ಲಿ ದೋಣಿಯ ಅಂಚು ಬಿಗಿಯಾಗಿ ಹಿಡಿದು, ಹಲ್ಲು ಕಾಣುವ ಹಾಗೆ ನಗುತ್ತ, ಅಳುತ್ತ ಕೂತಿದ್ದರು.

ಏಳು ಸಲ ದಾಟಿದೆವು. ಸಸಿ, ಹೆಣ್ಣುಮಕ್ಕಳು, ಬುತ್ತಿ, ನೀರಿನ ಕೊಡ. ಮೂರು ವರ್ಷದ ನಂತರ ಆ ಗದ್ದೆಯ ಕೆಸರಿಗೆ ಕಾಲಿಟ್ಟೆ. ಹಾಡು ಹೇಳುತ್ತ ಹೆಣ್ಣುಮಕ್ಕಳು ಹಿಂದೆ ಹಿಂದೆ ಸರಿದು ನಟ್ಟರು. ಬಡಿಗೇರಣ್ಣ ಒಡ್ಡಿನ ಮೇಲೆ ಕೂತು, ಸಾಲು ಸೊಟ್ಟಾಯಿತು, ಆ ಮೂಲೆ ಬಿಟ್ಟಿರಿ ಅಂತ ಎಲ್ಲರಿಗೂ ಹೇಳುತ್ತಿದ್ದರು. “ಇದೇನ ಹಲಗಿ ಅಂತ ತಿಳದಿಯೇನು?” ಅಂತ ಅವರ ಹೆಂಡತಿ ಕೆಸರು ಎರಚಿದಳು.

ಎರಡನೆಯ ದಿನ ಬೆಳಿಗ್ಗೆ ಉಳಿದ ಸಸಿ ತುಂಬುತ್ತಿದ್ದೆವು. ಮೈದುನ ದಂಡೆಗೆ ಬಂದು ನಿಂತ. ಅವನ ಕೈಯಲ್ಲಿ ಕಾಗದ ಇರಲಿಲ್ಲ, ಬುತ್ತಿಯ ಗಂಟು ಇತ್ತು.

“ಮಾವಾ, ನನ್ನೂ ಒಂಚೂರು ಆಚೆ ಬಿಡ್ರಿ. ನಮ್ಮ ಪಾಲಿಂದೂ ಹೂಡಸಬೇಕು. ಮಡಿಯಾಗ ಸಸಿ ಉಳದಾವು.”

ಬಡಿಗೇರಣ್ಣ ಚುಕ್ಕಾಣಿಯ ತಿರುಗಣಿಗೆ ಎಣ್ಣೆ ಬಿಡುತ್ತಿದ್ದರು. “ಎಂಜಿನ್ ನಂದಲ್ಲಪಾ. ವೈನ್ಯಾರ್ನ ಕೇಳು.”

ಅವನು ನನ್ನ ಕಡೆ ತಿರುಗಿದ. ಅಷ್ಟು ವರ್ಷಗಳಲ್ಲಿ ಅವನು ನನಗೆ ಹೇಳಿದ್ದುಂಟು. ಕೇಳಿದ್ದು ಅದೇ ಮೊದಲು.

“ವೈನಿ, ಬರ್ಲೇನ್ರಿ?”

“ಬಾ ತಮ್ಮಾ,” ಅಂದೆ. ಮೆಲ್ಲಗೆ ಅನ್ನಲಿಲ್ಲ. ಹೆಣ್ಣುಮಕ್ಕಳೆಲ್ಲ ಕೇಳಿಸಿಕೊಂಡರು. “ಚಪ್ಪಲಿ ಕಳದ ಕೈಯಾಗ ಹಿಡಕೊಂಡ ಹತ್ತು.”

ಅವನು ಬಗ್ಗಿ ಚಪ್ಪಲಿ ಕಳೆದ. ಬಡಿಗೇರಣ್ಣ ಎಣ್ಣೆಯ ಕೈ ಒರೆಸಿಕೊಂಡು, ಅವನಿಗೆ ಕೈ ಕೊಟ್ಟು ಮೇಲೆ ಎಳೆದುಕೊಂಡರು.